ಹಕ್ಕಿ ಎರಡು ಕಿಲೊ

ಹೆಂಡತಿ ತಪ್ಪು ಬರೆದಿದ್ದಾಳೆ ಎಂದು ಗೊತ್ತಾದ ಕ್ಷಣ ಅವನಿಗೆ ಆದದ್ದು ಸಂತೋಷವೇ. ಬೇರೆ ಯಾವ ಹೆಸರಿಟ್ಟು ಕರೆದರೂ ಸುಳ್ಳಾಗುತ್ತದೆ. ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡೇ ಅಡುಗೆಮನೆಯ ಬಾಗಿಲ ಮುಂದೆ ನಿಂತು, ಅಲ್ಲಿ ಅಂಟಿಸಿದ್ದ ಚೀಟಿಯನ್ನು ಎರಡು ಸಲ ಓದಿದ. 'ಹಕ್ಕಿ ಎರಡು ಕಿಲೊ. ಸೋಪು ಒಂದು. ಆಲು ಅರ್ಧ ಲೀಟರ್.' ನೊರೆ ಗದ್ದಕ್ಕೆ ಇಳಿಯಿತು. ಹದಿನಾಲ್ಕು ವರ್ಷದಿಂದ ಮುದ್ರಣಾಲಯದಲ್ಲಿ ಕರಡು ತಿದ್ದುವವಳು, ಔಷಧಿ ಡಬ್ಬಿಯ ಮೇಲಿನ ಅಕ್ಷರವನ್ನೂ ಬಿಡದವಳು, ಬಸ್ಸಿನಲ್ಲಿ ಕೂತರೆ ಕಿಟಕಿಯಾಚೆಯ ಬೋರ್ಡುಗಳನ್ನೆಲ್ಲ ತುಟಿಯಲ್ಲೇ ತಿದ್ದುತ್ತ ಸಾಗುವವಳು, ಅಕ್ಕಿಗೂ ಹಕ್ಕಿಗೂ ವ್ಯತ್ಯಾಸ ತಿಳಿಯದೆ ಬರೆದಿದ್ದಾಳೆ. ಹಾಲನ್ನು ಆಲು ಮಾಡಿದ್ದಾಳೆ. ಎಂಟು ದಿನದ ಮೌನ ಕೊನೆಗೂ ಅವಳನ್ನೇ ಮೊದಲು ಕೆಡಿಸಿತಲ್ಲ ಎಂದುಕೊಂಡ. ಬಾಯಿ ಮುಕ್ಕಳಿಸಿ ಬಂದು, ಅವಳ ಮೇಜಿನ ಮೇಲಿದ್ದ ಡಬ್ಬಿಯಿಂದ ಅವಳದೇ ಕೆಂಪು ಪೆನ್ನು ತೆಗೆದುಕೊಂಡು, ಹಕಾರವನ್ನು ಹೊಡೆದು ಮೇಲೆ ಅಕಾರ ಬರೆದ. ಆಕಾರವನ್ನು ಹೊಡೆದು ಹಾ ಬರೆದ. ಅಷ್ಟಕ್ಕೆ ಕೈ ನಿಲ್ಲಲಿಲ್ಲ. ವಿದ್ಯಾರ್ಥಿಗಳ ಉತ್ತರಪತ್ರಿಕೆಗೆ ಹಾಕುವ ಹಾಗೆ ಅಂಚಿನಲ್ಲಿ 'ಎರಡು ತಪ್ಪು' ಎಂದು ಬರೆದು ಸುತ್ತ ಒಂದು ಸೊನ್ನೆ ಎಳೆದ. ಸ್ನಾನದ ಮನೆಯಲ್ಲಿ ಅವಳು ಬಟ್ಟೆ ಹಿಂಡುವ ಸದ್ದು ಕೇಳುತ್ತಿತ್ತು. ಪೆನ್ನನ್ನು ಸದ್ದಾಗದಂತೆ ಡಬ್ಬಿಗೆ ಇಳಿಸಿದ. ಕದ್ದು ಬೆಲ್ಲ ತಿಂದವನ ಕೈಯಂತೆ ಅವನ ಕೈ ಪ್ಯಾಂಟಿಗೆ ಒರೆಸಿಕೊಂಡಿತು.

ಅವನು ಟೆಲಿಫೋನ್ ಇಲಾಖೆಯ ತರಬೇತಿ ಕೇಂದ್ರದಲ್ಲಿ ಬೋಧಕ. ತಂತಿಯ ಮೇಲೆ ಸೊನ್ನೆ ಒಂದುಗಳನ್ನು ಈ ಕಡೆಯಿಂದ ಆ ಕಡೆಗೆ ಕಳಿಸುವುದು ಹೇಗೆ ಎಂಬುದು ಅವನ ವಿಷಯ. ಅದರಲ್ಲೂ ಸೊನ್ನೆಯ ಬಗ್ಗೆ ಅವನಿಗಿದ್ದ ಕಾಳಜಿ ಹೆಚ್ಚಾದ್ದರಿಂದ ವಿದ್ಯಾರ್ಥಿಗಳು ಅವನಿಗೆ ಸೊನ್ನೆ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಅದು ತನ್ನ ಪಾಠದ ಬಗ್ಗೆ ಇಟ್ಟದ್ದೋ ತನ್ನ ಬಗ್ಗೆಯೇ ಇಟ್ಟದ್ದೋ ಎಂದು ಮೊದಲ ವರ್ಷ ಯೋಚಿಸಿದ್ದ, ಆಮೇಲೆ ಬಿಟ್ಟುಬಿಟ್ಟಿದ್ದ. ಈಗ ಬಸ್ಸಿನ ಕಂಬಿ ಹಿಡಿದು ನಿಂತಾಗ ಅದೇ ಪ್ರಶ್ನೆ ಮತ್ತೆ ಎದ್ದಿತು. ಪಕ್ಕದವನ ಕೈಗಡಿಯಾರ ನೋಡಿ ಗಾಬರಿಯಾದ, ಇಪ್ಪತ್ತು ನಿಮಿಷ ತಡವಾಗಿತ್ತು. ಈ ಎಂಟು ದಿನದಲ್ಲಿ ಅವನು ಒಂದೇ ಒಂದು ದಿನವೂ ಹೊತ್ತಿಗೆ ಸರಿಯಾಗಿ ಹೊರಟಿರಲಿಲ್ಲ. ಮೂರನೆಯ ದಿನ ಬೇರೆ ಬೇರೆ ಬಣ್ಣದ ಕಾಲುಚೀಲ ಹಾಕಿಕೊಂಡು ಹೋಗಿದ್ದ. ಐದನೆಯ ದಿನ ಶೇವ್ ಮಾಡಿ, ಇಸ್ತ್ರಿ ಬಟ್ಟೆ ತೊಟ್ಟು, ಪಾಠದ ಪುಸ್ತಕ ಹಿಡಿದು ಕೇಂದ್ರದ ಗೇಟಿನ ಮುಂದೆ ನಿಂತಾಗ ಕಾವಲಿನವನು ಬೀಡಿಯನ್ನು ಹಿಂದೆ ಮರೆಮಾಡಿ, "ಸಾರ್, ಇವತ್ತು ಭಾನುವಾರ" ಎಂದಿದ್ದ. "ಗೊತ್ತು. ಗೇಟು ಸರಿಯಾಗಿ ಹಾಕಿದೀಯಾ ಅಂತ ನೋಡೋಕೆ ಬಂದೆ" ಎಂದು ಬೋಧಕ ಗೇಟನ್ನು ಎರಡು ಸಲ ಅಲ್ಲಾಡಿಸಿ ವಾಪಸು ಬಂದಿದ್ದ. ಮನೆಗೆ ಬಂದಾಗ ಅವಳು ಇಸ್ತ್ರಿ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿದಳು. ಏನೂ ಅನ್ನಲಿಲ್ಲ. ಅಂದಿದ್ದರೆ ಬದುಕುತ್ತಿದ್ದ.

ಹಿಂದೆ ಹೀಗಾಗುತ್ತಿರಲಿಲ್ಲ, ಹೊತ್ತನ್ನು ಅವಳ ಬಾಯೇ ನೆನಪಿಸುತ್ತಿತ್ತು. 'ತಿಂಡಿ ಮೇಜಿನ ಮೇಲಿದೆ, ಆರೋಗುತ್ತೆ, ಗಂಟೆ ಎಂಟಾಯ್ತು, ಛತ್ರಿ ಬಾಗಿಲ ಹಿಂದಿದೆ, ಕೇಳಿಸ್ತಾ.' ಹೇಳಬೇಕಾದ್ದು ನಾಲ್ಕಿದ್ದರೆ ಕೊನೆಗೆ ಒಂದು ಕೇಳಿಸ್ತಾ ಸೇರಿ ಐದಾಗುತ್ತಿತ್ತು. ಹದಿನಾಲ್ಕು ವರ್ಷ ಅವನು ಆ ಐದನೆಯದಕ್ಕೆ ಉತ್ತರ ಕೊಟ್ಟವನಲ್ಲ. ಅದು ನಲ್ಲಿ ನಿಲ್ಲಿಸಿದ ಮೇಲೂ ತೊಟ್ಟಿಕ್ಕುವ ಹನಿಯಂತೆ, ಸುಮ್ಮನೆ ಒಂದು ಚಾಳಿ ಎಂದುಕೊಂಡಿದ್ದ. ಕಳೆದ ವಾರ ಮಂಗಳವಾರ ತರಗತಿಯಲ್ಲಿ ಬ್ಲಾಕ್ ಕೋಡಿಂಗ್ ಪಾಠ. ನಾಲ್ಕು ಬಿಟ್ಟುಗಳ, ಅಂದರೆ ಸೊನ್ನೆ ಒಂದುಗಳ, ಗುಂಪನ್ನು ಹಾಗೇ ಕಳಿಸದೆ ಅದರ ಬದಲು ಐದು ಬಿಟ್ಟುಗಳ ಗುಂಪು ಕಳಿಸುತ್ತಾರೆ, ಸೊನ್ನೆಗಳು ಸಾಲಾಗಿ ಬಿದ್ದು ಆ ಕಡೆಯವನಿಗೆ ನಿದ್ದೆ ಬರಬಾರದು ಎಂದು. ಮಧ್ಯಾಹ್ನದ ಹೊತ್ತು, ಈ ಕಡೆಯವರಿಗೇ ನಿದ್ದೆ ಬರುತ್ತಿತ್ತು. ಹಿಂದಿನ ಬೆಂಚು ಆಗಲೇ ಗೋಡೆಗೆ ಒರಗಿತ್ತು. ಆಗ ಅವನ ನಾಲಿಗೆ ಜಾರಿತು. ಜಾರಿತು ಎಂದು ಅವನು ಈಗ ಹೇಳಿಕೊಳ್ಳುತ್ತಾನೆ. ನಿಜಕ್ಕೆ ಮೂರು ದಿನದಿಂದ ಆ ಮಾತನ್ನು ಬಾಯೊಳಗೆ ಹೊರಳಿಸಿಕೊಂಡು ಇಟ್ಟಿದ್ದ. "ಉದಾಹರಣೆ ಬೇಕಾ? ನಮ್ಮನೆಯೋರು. ಹೇಳೋದು ನಾಲ್ಕು ಮಾತು, ಆಡೋದು ಐದು. ನಮ್ಮನೇಲಿ ಬ್ಲಾಕ್ ಕೋಡಿಂಗ್ ಬೆಳಿಗ್ಗೆ ಆರಕ್ಕೇ ಶುರು." ತರಗತಿ ಹೋ ಎಂದು ನಕ್ಕಿತು. ಹಿಂದಿನ ಬೆಂಚು ಎದ್ದು ಕೂತು ನಕ್ಕಿತು. ಸೊನ್ನೆ ಮೇಷ್ಟ್ರಿಗೆ ಅಂಥ ನಗು ಸಿಕ್ಕಿದ್ದು ಅದೇ ಮೊದಲು, ಆ ಅಮಲಿನಲ್ಲಿ ಹೆಂಡತಿಯ ದನಿ ತೆಗೆದು 'ಕೇಳಿಸ್ತಾ' ಎಂದೂ ಅಣಕಿಸಿ ತೋರಿಸಿದ. ನಗದೆ ಕೂತವಳು ಒಬ್ಬಳೇ, ಮುಂದಿನ ಬೆಂಚಿನ ಹುಡುಗಿ. ಅವಳು ಅವನ ಮನೆಯ ಕೆಳಗಿನ ಮಹಡಿಯಲ್ಲಿ ಬಾಡಿಗೆಗೆ ಇರುವವಳು, ಸಂಜೆ ಅವನ ಹೆಂಡತಿಯ ಜೊತೆ ಮೆಟ್ಟಿಲ ಮೇಲೆ ಕೂತು ಹರಟುವವಳು. ಎಲ್ಲರೂ ನಗುವಾಗ ಅವಳು ಮಾತ್ರ ಅದನ್ನು ನೋಟ್ಸಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಅಂದು ಸಂಜೆ ಹೆಂಡತಿ ಊಟ ಬಡಿಸಿ, ತನ್ನ ತಟ್ಟೆಯನ್ನು ಹಾಗೇ ಇಟ್ಟು ಕೇಳಿದಳು.

"ನಾನು ನಾಲ್ಕಕ್ಕೆ ಐದಂತೆ."

"ಯಾರು ಹೇಳಿದ್ದು?"

"ನಲವತ್ತು ಜನ ಕೇಳಿಸ್ಕೊಂಡಿದಾರಂತಲ್ಲ. ಅವರಲ್ಲಿ ಒಬ್ಬರು."

"ಪಾಠಕ್ಕೆ ಉದಾಹರಣೆ ಬೇಕಿತ್ತು, ಕೊಟ್ಟೆ. ಅದರಲ್ಲಿ ನಿನ್ನನ್ನ ಹೊಗಳಿದ್ದೂ ಇದೆ. ಐದನೇದು ಇಲ್ಲದಿದ್ರೆ ಲೈನೇ ಕೆಲಸ ಮಾಡಲ್ಲ."

"ಅದನ್ನೂ ಹೇಳಿದ್ರಾ ತರಗತೀಲಿ?"

ಅದನ್ನು ಅವನು ಹೇಳಿರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆದಿತ್ತು. ಅವಳು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಸರಿ. ಇನ್ಮೇಲೆ ಐದನೇದು ಬೇಡ. ನಾಲ್ಕೂ ಬೇಡ" ಎಂದಳು. ಎಂದವಳು ಹಾಗೇ ನಡೆದುಕೊಂಡಳು. ಮನೆಯಲ್ಲಿ ಕೆಲಸವೇನೂ ನಿಲ್ಲಲಿಲ್ಲ. ಚಹಾ ಬರುತ್ತಿತ್ತು, ಬಟ್ಟೆ ಮಡಿಸಿ ಇರುತ್ತಿತ್ತು, ಬೇಕಾದ ಸಾಮಾನಿನ ಚೀಟಿ ಬೆಳಿಗ್ಗೆ ಬಾಗಿಲಿನ ಮೇಲೆ ಇರುತ್ತಿತ್ತು, ಒಂದು ಒತ್ತೂ ಒಂದು ದೀರ್ಘವೂ ತಪ್ಪದೆ. ಮಾತು ಮಾತ್ರ ಇರಲಿಲ್ಲ. ಮೊದಲು ಬಾಯಿಬಿಟ್ಟವರು ಸೋತಂತೆ ಎಂದು ಇಬ್ಬರಲ್ಲಿ ಯಾರೂ ಹೇಳಿರಲಿಲ್ಲ, ಆದರೆ ಬೋಧಕ ಆ ಆಟವನ್ನು ಆಡತೊಡಗಿದ್ದ. ಅವಳು ಆಡುತ್ತಿದ್ದಾಳೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ.

ಬಸ್ಸು ತಿರುವಿನಲ್ಲಿ ವಾಲಿತು, ಯಾರದೋ ಚೀಲ ಅವನ ಪಕ್ಕೆಗೆ ಒತ್ತಿತು. ಇವತ್ತು ಬುಧವಾರ. ಈ ಒಂದು ದಿನ ಮಾತ್ರ ಅವನಿಗೆ ತಪ್ಪದೆ ನೆನಪಿತ್ತು. ಮೌನದ ಎರಡನೆಯ ದಿನ ಅವಳ ಅಕ್ಕನ ಫೋನು ಬಂದಿತ್ತು. ಅಕ್ಕ ಇರುವುದು ಒಂದು ಹಗಲಿನ ಪ್ರಯಾಣದಷ್ಟು ದೂರದ ಊರಿನಲ್ಲಿ. ಅಲ್ಲಿಯ ಹೊಸ ಮುದ್ರಣಾಲಯಕ್ಕೆ ಕರಡು ವಿಭಾಗ ನೋಡಿಕೊಳ್ಳುವವರು ಬೇಕಂತೆ, ಅಕ್ಕನ ಮನೆಯಲ್ಲಿ ಹಿಂದಿನ ಕೋಣೆ ಖಾಲಿ ಇದೆಯಂತೆ, ಕಿಟಕಿಗೆ ಬೆಳಕು ಚೆನ್ನಾಗಿದೆಯಂತೆ. ಇಷ್ಟನ್ನೂ ಅವನು ಪೇಪರು ಓದುವ ನೆಪದಲ್ಲಿ ಈ ತುದಿಯ ಅವಳ ಹೂಂ, ಮರುಪ್ರಶ್ನೆಗಳಿಂದ ಕಟ್ಟಿಕೊಂಡಿದ್ದ. ಕೊನೆಗೆ ಅವಳು, "ಬುಧವಾರ ಫೋನ್ ಮಾಡು ಅಕ್ಕ, ಸಂಜೆ ಆರಕ್ಕೆ ಸರಿಯಾಗಿ, ಬರ್ತೀನೋ ಇಲ್ವೋ ಆಗ ಹೇಳ್ತೀನಿ, ಮತ್ತೆ ಕೇಳಬೇಡ, ಕೇಳಿಸ್ತಾ" ಎಂದಿದ್ದಳು. ಅವನು ಪೇಪರಿನ ಹಿಂದೆ ಬೆರಳು ಮಡಿಸಿದ್ದ. ನಾಲ್ಕು, ಆಮೇಲೆ ಐದು. ಕೋಣೆಗೂ ಬೆಳಕಿಗೂ ಅಷ್ಟು ಉರಿಯಲಿಲ್ಲ. ತನ್ನ ಮನೆಯ ಐದನೆಯದು ಬೇರೆ ತಂತಿಯ ಮೇಲೆ ಹೋಯಿತಲ್ಲ ಎಂದು ಉರಿಯಿತು. ಆದರೂ 'ಹೋಗ್ತೀಯಾ' ಎಂಬ ಒಂದು ಮಾತು ಅವನ ಬಾಯಿಂದ ಹೊರಡಲಿಲ್ಲ. ಕೇಳಿದರೆ ಆಟ ಸೋತಂತೆ. ಹಾಗಾಗಿ ಇಂದು ಸಂಜೆ ಆರು ಗಂಟೆಯವರೆಗೆ ಗೆದ್ದುಕೊಂಡೇ ಇರಬೇಕಿತ್ತು.

ತರಗತಿಯಲ್ಲಿ ಅಂದಿನ ಪಾಠ ಸ್ಕ್ರಾಂಬ್ಲಿಂಗ್. ಹಲಗೆಯ ಮೇಲೆ ಅಡ್ಡಗೆರೆ ಎಳೆದು ಅವನು ಶುರು ಮಾಡಿದ. "ಒಂದು ಬಂದಾಗೆಲ್ಲ ತಂತಿ ಮೇಲೆ ಒಂದು ಹೆಜ್ಜೆ ಅನ್ಕೊಳ್ಳಿ. ಮೊದಲು ಬಲಗಾಲು, ಆಮೇಲೆ ಎಡಗಾಲು, ಮತ್ತೆ ಬಲಗಾಲು. ಇದು ನಿಯಮ. ಸೊನ್ನೆ ಬಂದ್ರೆ ನಿಂತ್ಕೊಳ್ಳೋದು, ಅಷ್ಟೆ. ಈಗ ಸಾಲಾಗಿ ಸೊನ್ನೆಗಳೇ ಬಂದ್ರೆ ಏನಾಗುತ್ತೆ? ಈ ಕಡೆಯವನು ನಿಂತೇ ಇದಾನೆ. ಆ ಕಡೆಯವನಿಗೆ ಏನೂ ಕೇಳಿಸ್ತಿಲ್ಲ. ನಿಂತಿದಾನೋ, ಎದ್ದು ಹೋದನೋ, ತಂತಿಯೇ ಕಡಿದುಹೋಯ್ತೋ ಗೊತ್ತಾಗಲ್ಲ. ಆಗಿದ್ದು ಏಳು ಸೊನ್ನೆನೋ ಒಂಬತ್ತೋ ಅಂತ ಅವನ ಲೆಕ್ಕ ತಪ್ಪುತ್ತೆ, ಗಡಿಯಾರ ತಪ್ಪುತ್ತೆ." ಭಾನುವಾರದ ಗೇಟು ಒಮ್ಮೆ ಕಣ್ಣ ಮುಂದೆ ಬಂದು ಅಲ್ಲಾಡಿತು. ಅವನು ಸೀಮೆಸುಣ್ಣ ಬದಲಿಸಿದ. "ಅದಕ್ಕೇ ಎಂಟು ಸೊನ್ನೆ ಸಾಲಾಗಿ ಬಂದ್ರೆ ಕಳಿಸೋನು ಬೇಕಂತಲೇ ನಿಯಮ ಮುರೀತಾನೆ. ಬಲಗಾಲು ಇಟ್ಟ ಮೇಲೆ ಮತ್ತೆ ಬಲಗಾಲೇ ಇಡ್ತಾನೆ. ಇದಕ್ಕೆ ಉಲ್ಲಂಘನೆ ಅಂತಾರೆ." ಬರೆದ ಪದದ ಘಕಾರವನ್ನು ಒಮ್ಮೆ ನೋಡಿಕೊಂಡ. ಕೇಂದ್ರದ ಪಾಠಪುಸ್ತಕ ಅವನೇ ಬರೆದದ್ದು, ಅಚ್ಚಾಗಿದ್ದು ಅವಳ ಮುದ್ರಣಾಲಯದಲ್ಲಿ, ಮೂರು ಸಲ ಕರಡು ನೋಡಿದ್ದು ಅವಳು. 'ಉಲ್ಲಂಗನೆ' ಎಂದು ಇಪ್ಪತ್ತಾರು ಕಡೆ ಬರೆದಿದ್ದ. "ಉಲ್ಲಂಘನೆಯಲ್ಲೇ ಉಲ್ಲಂಘನೆ ಮಾಡಿದೀರಲ್ರೀ" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆಗ ಅವನೂ ನಕ್ಕಿದ್ದನೇ? ನಕ್ಕಿರಲಿಲ್ಲ. ಕೈಬರಹ ಅರ್ಥವಾಗಿಲ್ಲ ನಿನಗೆ ಎಂದಿದ್ದ.

ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಸರ್, ಅದು ಬೇಕಂತ ಮಾಡಿದ್ದು, ನಿಜವಾದ ತಪ್ಪಲ್ಲ ಅಂತ ಆ ಕಡೆಯವನಿಗೆ ಹೇಗೆ ಗೊತ್ತಾಗುತ್ತೆ?"

"ಒಳ್ಳೆ ಪ್ರಶ್ನೆ. ಒಂದೇ ತಪ್ಪಾದ್ರೆ ಗೊತ್ತಾಗಲ್ಲ, ತಂತಿ ಮೇಲಿನ ಗದ್ದಲ ಇರಬಹುದು. ಅದಕ್ಕೆ ಎರಡು ತಪ್ಪು ಮಾಡ್ತಾನೆ. ಎಲ್ಲೆಂದರಲ್ಲಿ ಅಲ್ಲ, ಗೊತ್ತು ಮಾಡಿದ ಜಾಗದಲ್ಲಿ. ಮತ್ತೆ ಎರಡೂ ಒಂದಕ್ಕೊಂದು ಉಲ್ಟಾ. ಇಲ್ಲಿ ಒಂದು ಜಾಸ್ತಿಯಾದ್ರೆ ಅಲ್ಲಿ ಒಂದು ಕಮ್ಮಿ. ಕೂಡಿಸಿದ್ರೆ ಸಮ."

"ಹಂಗಾದ್ರೆ ಆ ತಪ್ಪಿನ ಅರ್ಥ ಏನು ಸರ್?"

"ಎಂಟು ಸೊನ್ನೆ ಅಂತ ಅರ್ಥ. ನಾನು ಸುಮ್ಮನಿದೀನಿ, ಆದ್ರೆ ಲೈನಲ್ಲೇ ಇದೀನಿ ಅಂತ."

ಹಿಂದಿನ ಬೆಂಚಿನಿಂದ ಒಂದು ದನಿ ಬಂತು. "ಸರ್, ಆ ಕಡೆಯವನು ಅದನ್ನ ತಿದ್ದಿಬಿಟ್ರೆ?"

"ತಿದ್ದಿಬಿಟ್ರೆ ಅಂದ್ರೆ?"

"ಅಯ್ಯೋ ತಪ್ಪಾಗಿದೆ ಅಂತ ಸರಿ ಮಾಡಿ ಬರ್ಕೊಂಡುಬಿಟ್ರೆ ಸರ್."

"ಹಂಗೆ ಮಾಡೋನು ಕತ್ತೆ" ಎಂದ ಬೋಧಕ.

ತರಗತಿ ನಕ್ಕಿತು. ಕಳೆದ ಮಂಗಳವಾರದಷ್ಟೇ ದೊಡ್ಡ ನಗು. ಆದರೆ ಈ ಸಲ ಅವನಿಗೆ ಅದು ದೂರದಿಂದ, ನೀರಿನೊಳಗೆ ತಲೆಯಿಟ್ಟವನಿಗೆ ಕೇಳಿಸುವ ಹಾಗೆ ಕೇಳಿಸಿತು. ಸೀಮೆಸುಣ್ಣ ಹಲಗೆಗೆ ಅಂಟಿಕೊಂಡು ನಿಂತಿತ್ತು. ಹಕ್ಕಿ. ಆಲು. ಅವಳು ಹಾಲಿನ ತಲೆಯಿಂದ ಒಂದು ಹಕಾರ ಎತ್ತಿಕೊಂಡು ಹೋಗಿ ಅಕ್ಕಿಯ ತಲೆಗೆ ಇಟ್ಟಿದ್ದಾಳೆ. ಅಲ್ಲಿ ಒಂದು ಜಾಸ್ತಿ, ಇಲ್ಲಿ ಒಂದು ಕಮ್ಮಿ, ಕೂಡಿಸಿದರೆ ಸಮ. ನಡುವೆ ಸೋಪನ್ನು ಸರಿಯಾಗಿಯೇ ಬರೆದಿದ್ದಾಳೆ. ಎಂಟನೆಯ ದಿನ. ಕರಡಿನ ಹಾಳೆಯ ಮೇಲೆ ಮೂರು ಸಲ ಇದೇ ಪಾಠ ಓದಿದವಳು. ಅವನು ಮಾಡಿದ್ದೇನು? ಕೆಂಪು ಪೆನ್ನು. ಎರಡು ತಪ್ಪು. ಸುತ್ತ ಒಂದು ಸೊನ್ನೆ. ಕತ್ತೆಯಾದರೂ ಕಾಗದವನ್ನು ತಿಂದು ಸುಮ್ಮನಾಗುತ್ತದೆ, ಅಂಕ ಹಾಕುವುದಿಲ್ಲ.

ತರಗತಿ ಮುಗಿದ ಮೇಲೆ ಹುಡುಗಿಯನ್ನು ಕಾರಿಡಾರಿನಲ್ಲಿ ನಿಲ್ಲಿಸಿದ. ಕೇಳುವುದಕ್ಕೆ ನಾಚಿಕೆಯಾಗಿ ಮೊದಲು ಅವಳ ಹಾಜರಿಯ ಬಗ್ಗೆ ಕೇಳಿದ. ಆಮೇಲೆ, "ನಮ್ಮನೇಲಿ ಪಾಠದ ವಿಷಯ ಏನಾದ್ರೂ ಹೇಳ್ತೀಯಾ?" ಎಂದ.

"ನಾನಾಗಿ ಹೇಳಲ್ಲ ಸರ್. ಆಂಟಿನೇ ಕೇಳ್ತಾರೆ. ನಾಳೆ ಯಾವ ಪಾಠ ಅಂದ್ರು ನಿನ್ನೆ."

"ನೀನೇನಂದೆ?"

"ಎಂಟು ಸೊನ್ನೆ ಅಂದೆ. ಓ ಅದಾ ಅಂದ್ರು." ಹುಡುಗಿ ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. "ಸರ್, ಹೋದ ವಾರದ್ದು ನಾನೇ ಹೇಳಿದ್ದು. ನಿಮ್ಮ ದನಿ ಅವರ ಥರಾನೇ ಇತ್ತು ಅಂತಾನೂ ಹೇಳಿದೆ. ಹೇಳಬಾರದಿತ್ತಾ?"

"ಹೇಳಿದ್ದು ಸರಿ. ನಾನು ಮಾಡಬಾರದಿತ್ತು" ಎಂದು ಹೇಳಿ ಅವನು ಮೆಟ್ಟಿಲಿಳಿದ. ಕೇಂದ್ರದಿಂದ ಅಷ್ಟು ಬೇಗ ಹೊರಟ ಅವನನ್ನು ಕಂಡು ಕಾವಲಿನವನು ಇವತ್ತು ಬುಧವಾರ ಎಂದು ಹೇಳಲೋ ಬೇಡವೋ ಎಂಬಂತೆ ನೋಡಿದ.

ಬೀದಿಯ ತುದಿಯ ಅಂಗಡಿಯಲ್ಲಿ ಹಾಲು, ಸೋಪು ಕೊಂಡ. ಅಂಗಡಿಯವನು ಅಭ್ಯಾಸಬಲದಿಂದ ಅಕ್ಕಿಯ ಡಬ್ಬದ ಮುಚ್ಚಳ ತೆಗೆದ. "ಬುಧವಾರ ಅಮ್ಮ ಅಕ್ಕಿ ತಗೋತಾರೆ."

"ಇವತ್ತು ಅಕ್ಕಿ ಬೇಡ. ಹಕ್ಕಿ ಅಂತ ಬರೆದಿದಾರೆ."

"ಕೋಳಿ ಪಕ್ಕದ ಬೀದೀಲಿ ಸಾರ್. ನಮ್ಮಲ್ಲಿ ಮೊಟ್ಟೆವರೆಗೆ ಮಾತ್ರ" ಎಂದ ಅಂಗಡಿಯವನು, ಒಂದಿಷ್ಟೂ ನಗದೆ.

ಬೋಧಕ ಅಕ್ಕಿಯಿಲ್ಲದ ಚೀಲ ಹಿಡಿದು ಮೂರು ಮಹಡಿ ಹತ್ತಿದ. ತಾನು ಮಾಡುತ್ತಿರುವುದು ಜಾಣತನವೋ ಇನ್ನೊಂದು ಮೂರ್ಖತನವೋ ಪ್ರತಿ ಮೆಟ್ಟಿಲಿಗೂ ಒಂದೊಂದು ಥರ ಅನಿಸಿತು. ಬಾಗಿಲು ತೆರೆದಾಗ ಐದೂಮುಕ್ಕಾಲು. ಅವಳು ಮೇಜಿನ ಮುಂದೆ ಕರಡು ಹರವಿಕೊಂಡು ಕೂತಿದ್ದಳು, ತಲೆ ಎತ್ತಲಿಲ್ಲ. ಅಟ್ಟದ ಮೇಲಿನ ಕಂದು ಸೂಟ್‌ಕೇಸು ಕೆಳಗೆ ಬಂದು ಗೋಡೆಗೆ ಒರಗಿ ನಿಂತಿತ್ತು. ಅದರ ಧೂಳು ಒರೆಸಿ ಆಗಿತ್ತು. ತುಂಬಿದೆಯೋ ಖಾಲಿಯೋ ಮುಟ್ಟಿ ನೋಡುವ ಧೈರ್ಯ ಅವನಿಗಾಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋದ. ಚೀಟಿ ಅಲ್ಲೇ ಇತ್ತು. ಅವನು ಬರೆದ 'ಎರಡು ತಪ್ಪು' ಎಂಬುದರ ಕೆಳಗೆ, ಅಚ್ಚಿನ ಮೊಳೆಯಂಥ ದುಂಡು ಅಕ್ಷರದಲ್ಲಿ ಅವಳು ಒಂದೇ ಪದ ಬರೆದಿದ್ದಳು. 'ಸರಿ.' ಪೂರ್ಣವಿರಾಮ ಸಮೇತ.

ಹೋದ ವಾರ ಮಂಗಳವಾರ ಊಟದ ಮುಂದೆ ಅವಳು ಅಂದ ಸರಿಯೇ ಅದು. ಅವನಿಗೆ ಅದರ ರುಚಿ ಗೊತ್ತಿತ್ತು. ಈ ಕಡೆಯಿಂದ ಕಳಿಸಿದ್ದನ್ನು ಆ ಕಡೆಯವನು ತಪ್ಪು ಎಂದು ತಿದ್ದಿದ್ದಾನೆ, ಇನ್ನು ಕಳಿಸಿ ಏನು ಪ್ರಯೋಜನ ಎನ್ನುವ ಸರಿ. ಕ್ಷಮೆ ಕೇಳುವ ವಾಕ್ಯವೊಂದನ್ನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ, ಅದರಲ್ಲಿ ಮೂರು ಉಪವಾಕ್ಯಗಳಿದ್ದವು, ಈಗ ಒಂದೂ ನೆನಪಾಗಲಿಲ್ಲ. ಅವಳ ಮೇಜಿನ ಬಳಿ ಹೋಗಿ, ಈ ಸಲ ಅವಳು ನೋಡುತ್ತಿರುವಂತೆಯೇ, ಡಬ್ಬಿಯಿಂದ ಕೆಂಪು ಪೆನ್ನು ತೆಗೆದುಕೊಂಡ. ಹೊಡೆದುಹಾಕಿದ ಅಕ್ಷರ ಮೊದಲಿನಂತೆಯೇ ಇರಬೇಕು, ತಿದ್ದಿದವನದೇ ತಪ್ಪು ಎನ್ನುವುದಕ್ಕೆ ಕರಡು ತಿದ್ದುವವರಲ್ಲಿ ಒಂದು ಗುರುತಿದೆ. ಮದುವೆಯಾದ ಹೊಸತರಲ್ಲಿ ಇದೇ ಮೇಜಿನ ಮೇಲೆ ಅವಳು ಹೇಳಿಕೊಟ್ಟಿದ್ದಳು, ಅವನು ಕೇಳಿಸಿಕೊಳ್ಳದವನಂತೆ ಕೇಳಿಸಿಕೊಂಡಿದ್ದ. ಹೊಡೆದ ಹಕಾರದ ಕೆಳಗೆ ಸಾಲಾಗಿ ಚುಕ್ಕಿ ಇಟ್ಟ. ಆಲುವಿನ ಆಕಾರದ ಕೆಳಗೂ ಇಟ್ಟ. ಅಂಚಿನಲ್ಲಿ 'ಇರಲಿ' ಎಂದು ಬರೆದ. ರಕಾರ ಸೊಟ್ಟಗಾಯಿತು. ಚೀಟಿಯನ್ನು ಕಿತ್ತು ತಂದು ಅವಳ ಕರಡಿನ ಮೇಲೆ ಇಟ್ಟು, ಚೀಲದಿಂದ ಹಾಲು, ಸೋಪು ತೆಗೆದು ಪಕ್ಕದಲ್ಲಿ ಇಟ್ಟ.

"ಆಲು ಸಿಕ್ತು. ಹಕ್ಕಿ ಇಲ್ವಂತೆ" ಎಂದ. ಎಂಟು ದಿನ ಗೆದ್ದುಕೊಂಡು ಬಂದ ಆಟ ಅಲ್ಲಿಗೆ ಮುಗಿಯಿತು. ಸೋತಂತೆ ಏನೂ ಅನಿಸಲಿಲ್ಲ, ಕಾಲು ಮಾತ್ರ ನೋಯುತ್ತಿತ್ತು.

ಅವಳು ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದಳು. ಚುಕ್ಕಿಗಳನ್ನು ಎಣಿಸುವಷ್ಟು ಹೊತ್ತು ನೋಡಿದಳು.

"ಏನು ಇರಲಿ? ಹಕಾರವಾ?"

"ಹಕಾರ ಇರಲಿ. ಐದನೇದೂ ಇರಲಿ."

"ಮತ್ತೆ ತರಗತೀಲಿ ಆಡಿದ್ದು?"

"ಅದಕ್ಕೆ ಚುಕ್ಕಿ ಬೇಡ. ಹೊಡೆದುಹಾಕು."

"ನಾನು ಹೊಡೆದ್ರೆ ಏನು ಬಂತು? ನಲವತ್ತು ಪ್ರತಿ ಅಚ್ಚಾಗಿ ಹೋಗಿದೆ" ಎಂದಳು ಅವಳು. "ತಪ್ಪು ಯಾವುದು ಒಪ್ಪು ಯಾವುದು ಅಂತ ತಪ್ಪೊಪ್ಪೋಲೆ ಹಾಕಬೇಕಾಗುತ್ತೆ."

"ನಾಳೆ ಮೊದಲನೇ ಗಂಟೆ ನಂದೇ. ಹಾಕ್ತೀನಿ."

"ಏನಂತ?"

"ಐದನೇದು ಇಲ್ಲದಿದ್ರೆ ಭಾನುವಾರ ಬಂದು ಗೇಟು ಅಲ್ಲಾಡಿಸಬೇಕಾಗುತ್ತೆ ಅಂತ."

ಅವಳ ಮೂಗಿನ ಹೊಳ್ಳೆ ಅರಳಿತು. ಅದು ನಗುವಾಗುವುದಕ್ಕೆ ಮೊದಲೇ ಫೋನು ಬಡಿದುಕೊಂಡಿತು. ಆರು ಗಂಟೆ. ಅಕ್ಕ ಯಾವತ್ತೂ ನಿಮಿಷ ತಪ್ಪಿದವಳಲ್ಲ. ಹೆಂಡತಿ ಎದ್ದು, ಸೂಟ್‌ಕೇಸನ್ನು ಸುತ್ತಿಬಳಸಿ ಹೋಗಿ ಫೋನೆತ್ತಿಕೊಂಡಳು. ಬೋಧಕ ಕೂರಲಿಲ್ಲ. ಪೇಪರು ಎತ್ತಿಕೊಳ್ಳಲಿಲ್ಲ. ಒಂದು ಕೈಯಲ್ಲಿ ಖಾಲಿ ಚೀಲ ಹಿಡಿದು, ಇನ್ನೊಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತ.

"ಹಾಂ ಅಕ್ಕ, ನಾನೇ" ಎಂದಳು ಅವಳು. ಆ ತುದಿ ಏನೋ ಕೇಳಿತು. ಅವಳು ಕಿಟಕಿಯ ಕಡೆ ನೋಡುತ್ತ ಹೇಳಿದಳು. "ಈಗ ಬರಲ್ಲ ಅಕ್ಕ."

ಅವನು ಒಂದು ಬೆರಳು ಮಡಿಸಿದ.

"ಮನೇಲಿ ಅಕ್ಕಿ ಇಲ್ಲ."

ಎರಡು.

"ಇಲ್ಲೊಬ್ಬರು ಹಕ್ಕಿ ಹುಡುಕ್ಕೊಂಡು ಹೋಗಿ ಬರಿಗೈಲಿ ಬಂದಿದಾರೆ."

ಮೂರು.

"ಅಂಗಡಿ ಮುಚ್ಚೋದ್ರೊಳಗೆ ಅವರನ್ನ ಮತ್ತೆ ಕಳಿಸಬೇಕು."

ನಾಲ್ಕು. ಹೆಬ್ಬೆರಳು ಒಂದೇ ಬೆನ್ನ ಹಿಂದೆ ನೆಟ್ಟಗೆ ನಿಂತು ಕಾಯಿತು. ಅವಳು ಅಂಗೈಯಿಂದ ಫೋನಿನ ಬಾಯಿ ಮುಚ್ಚಿದಳು. ಕಿಟಕಿಯಿಂದ ಮುಖ ತಿರುಗಿಸಿ ಅವನನ್ನು ನೋಡಿದಳು.

"ಕೇಳಿಸ್ತಾ?"

"ಕೇಳಿಸ್ತು" ಎಂದ ಬೋಧಕ, ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿಯತೊಡಗಿದ. ಎರಡನೆಯ ಮಹಡಿ ದಾಟುವಾಗ ಮೇಲಿನಿಂದ ಅವಳ ದನಿ ಬಂತು, ಛತ್ರಿ ಬಿಟ್ಟು ಹೋಗಿದ್ದನಂತೆ.